ನಗುವ ಕೋಳಿಗೆ ಕನ್ನಡಿ

ಬೋರ್ಡು ಬರೆಯೋನು ನಗುವನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಏಣಿ ಹತ್ತಿದರೆ ಸಾಕು. ಕೆಳಗೆ ನಾಲ್ಕು ಜನ ಬಂದು ನಿಲ್ತಾರೆ. ಮಿಕ್ಕಿದ್ದು ಅವರೇ ನೋಡಿಕೊಳ್ತಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ, ತೆಲುಗು, ಇಂಗ್ಲಿಷು, ಉರ್ದು ನಾಲ್ಕೂ ಬರೀತೀನಿ. ಓದೋಕೆ ಬರೋದು ಒಂದೇ, ಅದೂ ನಿಧಾನ. ಮಿಕ್ಕ ಮೂರು ಚೀಟಿ ನೋಡಿಕೊಂಡು ಬರೆಯೋದು. ಬೋರ್ಡಿನಲ್ಲಿ ಆರು ಅಕ್ಷರಕ್ಕೆ ಒಂದು ದಿನ ತಗೊಳ್ಳೋನು ನಾನು. ಇದನ್ನ ಬರೆಯೋಕೆ ಎಷ್ಟು ದಿನ ಹಿಡಿಯಿತು ಅಂತ ನೀವೇ ನೋಡಿಕೊಳ್ಳಿ.

ನನ್ನ ಕೆಲಸದಲ್ಲಿ ಅರ್ಧ ನನ್ನ ಹೆಂಡತಿಯದು. ತಗಡನ್ನ ಉಪ್ಪುಕಾಗದದಲ್ಲಿ ಉಜ್ಜೋದು ಅವಳು. ಕೆಂಪು ಬಣ್ಣದ ಮೊದಲ ಕೋಟು ಹೊಡೆಯೋದು ಅವಳು. ಅಕ್ಷರ ಒಂದೇ ಸಾಲಿಗೆ ಬರಲಿ ಅಂತ ಸೀಮೆಸುಣ್ಣ ಸವರಿದ ದಾರ ಎಳೆದು ಹಿಡಿದು, ಮಧ್ಯ ಎತ್ತಿ ಬಿಡ್ತೀವಿ. ಗೆರೆ ಬೀಳುತ್ತೆ. ಒಂದು ತುದಿ ನನ್ನ ಕೈಲಿ, ಇನ್ನೊಂದು ಅವಳ ಕೈಲಿ. ಇಪ್ಪತ್ತೆರಡು ವರ್ಷ ಹಂಗೇ ನಡೀತು. ಈಗ ಇನ್ನೊಂದು ತುದಿ ಮೊಳೆಗೆ ಕಟ್ಟುತ್ತೀನಿ. ಗೆರೆ ನೆಟ್ಟಗೇ ಬೀಳುತ್ತೆ. ಮೊಳೆ ಮಾತಾಡಲ್ಲ, ಅಷ್ಟೇ.

ಅವಳಿಗೆ ಒಂದು ಮಾತು ಕೊಟ್ಟಿದ್ದೆ. ಒಂದೇ ಒಂದು ಕೋಳಿನ ನಿಜವಾಗಿ ಬರೀತೀನಿ ಅಂತ. ಆ ಮಾತು ಊರಿಂದ ಊರಿಗೆ ಹೆಂಗೆ ಮುಂದಕ್ಕೆ ಹೋಯಿತು ಅನ್ನೋದನ್ನ ಇಲ್ಲಿ ಹೇಳ್ತೀನಿ.

೧. ಕೋಳಿಗೆ ಹಲ್ಲು

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಆಗಿತ್ತು. ನಮ್ಮ ಕಡೆಗೆ ಫಾರಂ ಕೋಳಿ ಹೊಸದಾಗಿ ಬಂತು. ಬೆಳ್ಳಗೆ ಇರೋದು. ಜನ ದೂರ ನಿಂತು ನೋಡಿ "ಇದಕ್ಕೇನು ಕಾಯಿಲೆ?" ಅನ್ನೋರು. ನಮ್ಮೂರು ಕ್ಯಾಲನೂರಿನಲ್ಲಿ ಪ್ರತಿ ಮನೆ ಹಿತ್ತಿಲಲ್ಲೂ ನಾಟಿ ಕೋಳಿ. ಅದನ್ನ ಓಡಿಸಿ ಹಿಡೀಬೇಕು. ಓಡದ ಕೋಳಿನ ತಿಂದರೆ ಮೈಗೆ ಏನು ಹತ್ತುತ್ತೆ ಅಂತ ನಮ್ಮವರ ಅನುಮಾನ.

ಶ್ರೀನಿವಾಸಪುರದ ಒಬ್ಬ ಸಾಹುಕಾರ್ರು ಈ ಫಾರಂ ಕೋಳಿ ಮಾರೋಕೆ ನಾಲ್ಕು ತಾಲೂಕಲ್ಲಿ ನಾಲ್ಕು ಅಂಗಡಿ ಇಡೋಕೆ ಹೊರಟರು. ಮೊದಲನೇದು ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ. ಬೋರ್ಡಿಗೆ ನನ್ನನ್ನ ಕರೆಸಿದರು.

"ದೊಡ್ಡೋರು ನಾಟಿ ಬಿಟ್ಟು ಬರಲ್ಲ ಕಣಯ್ಯ," ಅಂದರು. "ಅವರನ್ನ ಬಿಟ್ಟಾಕು. ನೀನು ಮಕ್ಕಳಿಗೆ ಬರಿ. ಮಗು ಬೀದೀಲಿ ಬಿದ್ದು ಹೊರಳಾಡಿದರೆ ಅಪ್ಪ ಎಷ್ಟು ಹೊತ್ತು ತಡ್ಕೊಂತಾನೆ?"

"ಏನು ಬರೀಲಿ ಸಾಹುಕಾರ್ರೇ?"

"ಕೋಳಿ. ನಗ್ತಾ ಇರಬೇಕು. ಕೈಲಿ ತಟ್ಟೆ. ತಟ್ಟೇಲಿ ಹುರಿದ ಕಾಲು. ಕೆಳಗೆ 'ಬಾ ಮಗು ಬಾ' ಅಂತ."

"ತಟ್ಟೇಲಿರೋದು ಯಾರ ಕಾಲು?"

"ಕೋಳಿ ಕಾಲು ಕಣಯ್ಯ! ಇನ್ಯಾರದು, ನಿಂದಾ?"

ನಾನು ತಗಡು ಹೊತ್ತುಕೊಂಡು ಹೊರಟೆ.

ಮನೇಲಿ ತಗಡು ಮುಂದಿಟ್ಟುಕೊಂಡು ಕೂತೆ. ಕೋಳಿಗೆ ತುಟಿ ಇಲ್ಲ. ತುಟಿ ಇಲ್ಲದ್ದು ನಗೋದು ಹೆಂಗೆ? ಕೊಕ್ಕು ತೆರೆದು ಬರೆದೆ. ಬಾಯಾರಿದಂಗೆ ಕಾಣ್ತು. ಕೊಕ್ಕು ಅಗಲ ಮಾಡಿದೆ. ಬಾತುಕೋಳಿ ಆಯ್ತು. ಸಾಹುಕಾರ್ರು ಬಂದು ನೋಡಿ, "ಹಲ್ಲು ಹಾಕಯ್ಯ, ಬಸ್ಸಲ್ಲಿ ಕೂತೋರಿಗೂ ಕಾಣಬೇಕು" ಅಂದು ಹೋದರು. ಹಲ್ಲು ಹಾಕಿದೆ. ಮೇಲೆ ಎಂಟು, ಕೆಳಗೆ ಎಂಟು.

ನನ್ನವಳು ಹಾಲು ಕರೆದು ಡೈರಿಗೆ ಹಾಕಿ ಬಂದವಳು ನಿಂತು ನೋಡಿದಳು.

"ಏನಯ್ಯಾ, ಅದು ಯಾಕೆ ನಗ್ತಾ ಇದೆ?"

ನನ್ನನ್ನ ಅವಳು ಕರೀತಿದ್ದಿದ್ದೇ ಹಂಗೆ, ಏನಯ್ಯಾ ಅಂತ.

"ಮಕ್ಕಳು ಬರಲಿ ಅಂತ."

"ಮಕ್ಕಳು ಬಂದರೆ ಅದಕ್ಕೇನು ಬಂತು ಭಾಗ್ಯ?"

ಅವಳು ಮಾಂಸ ಬಿಟ್ಟವಳೇನಲ್ಲ. ಭಾನುವಾರ ತಾನೇ ಹಿತ್ತಿಲಲ್ಲಿ ಓಡಿಸಿ ಹಿಡಿಯೋಳು, ತಾನೇ ಕೊಯ್ಯೋಳು. ಅವಳ ಸಾರಿಗೆ ಅಕ್ಕಪಕ್ಕದವರು ಮುದ್ದೆ ತಿರುವಿಟ್ಟು ಬಟ್ಟಲು ಹಿಡಿದು ಬರೋರು. ಕೊಯ್ಯೋ ಮುಂಚೆ ಕೋಳಿಗೆ ಒಂದು ತೊಟ್ಟು ನೀರು ಕುಡಿಸೋಳು. ಆವಾಗ ಅವಳು ನಗ್ತಿರಲಿಲ್ಲ. ಕೋಳೀನೂ ನಗ್ತಿರಲಿಲ್ಲ.

"ತಿನ್ನೋರು ತಿನ್ನಲಿ," ಅಂದಳು. "ಅದು ನಕ್ಕೊಂಡು ತಾನೇ ತಟ್ಟೆ ಹಿಡ್ಕೊಂಡು ಬಂತು ಅಂತ ಮಕ್ಕಳಿಗೆ ಸುಳ್ಳು ಯಾಕೆ? ಒಂದಾದರೂ ನಿಜವಾಗಿ ಬರಿ."

"ಮುಂದಿನ ಬೋರ್ಡಲ್ಲಿ ಬರೀತೀನಿ."

"ಮಾತು?"

"ಮಾತು."

ಅವಳು ಸೊಂಟದ ಮೇಲೆ ಒಂದು ಕೈ ಇಟ್ಟು, ತಲೆ ವಾರೆ ಮಾಡಿ, ಒಂದು ಹುಬ್ಬು ಎತ್ತಿ ನೋಡಿದಳು. ಆ ನೋಟ ಬಿದ್ದರೆ ಅವಳು ಕೇಳದೇ ಇರೋದನ್ನೂ ನಾನು ಒಪ್ಪಿಕೊಳ್ಳೋನು. "ಬೆಳಿಗ್ಗೆ ಏಣಿ ಮೇಲೆ ಒಂದು ಬೀಡಿ ಸೇದಿದೆ," ಅಂದೆ.

"ಎರಡು," ಅಂದಳು.

ಬೋರ್ಡು ಮೇಲೇರಿತು. ಬಂಗಾರಪೇಟೆ ಬಸ್ಸಿಗೆ ಓಡ್ತಿದ್ದ ಒಬ್ಬಾಕೆ, ಕೈಲಿ ಜಗ್ಗಾಡಿ ಅಳೋ ನಾಲ್ಕು ವರ್ಷದ ಮಗು. ಮಗು ಬೋರ್ಡು ನೋಡ್ತು. ಹಲ್ಲು ನೋಡ್ತು.

"ಅಮ್ಮಾ, ಆ ಕೋಳಿ ಯಾರ ಕಾಲು ತಿಂತಾ ಇದೆ?"

ಆಕೆಗೆ ಬಸ್ಸಿನ ಅವಸರ. "ಹಟ ಮಾಡೋ ಮಕ್ಕಳ್ದು. ನಡಿ!"

ಮಗು ಗಪ್‌ಚುಪ್. ಪಕ್ಕದಲ್ಲಿ ನಿಂತಿದ್ದ ತಾಯಂದಿರು ನೋಡಿಕೊಂಡರು. ಒಂದು ವಾರದಲ್ಲಿ ವಿಷಯ ಬಸ್ ಸ್ಟ್ಯಾಂಡೆಲ್ಲ ಹಬ್ಬಿತು. ಮಕ್ಕಳು ಕೋಳಿ ಬೇಕು ಅಂತ ಅಳಲಿ ಅಂತ ಸಾಹುಕಾರ್ರು ಹಾಕಿಸಿದ ಬೋರ್ಡು ಅದು. ಕೋಲಾರದಲ್ಲಿ ಮಕ್ಕಳ ಅಳು ನಿಲ್ಲಿಸೋಕೆ ಅದರಂಥ ಔಷಧಿ ಮತ್ತೆ ಬರಲಿಲ್ಲ.

೨. ಮಾಲೂರಿನ ಅಮ್ಮನವರು

ನನಗೆ ಕೆಲಸ ಕಲಿಸಿದ ಗುರುಗಳು ದೇವಸ್ಥಾನದ ಗೋಡೆಗೆ ಚಿತ್ರ ಬರೆಯೋರು. ಅವರು ಹೇಳಿಕೊಟ್ಟಿದ್ದು ಒಂದು. ಕಣ್ಣು ಕೊನೆಗೆ ಬರೀಬೇಕು. ಬರೆದ ತಕ್ಷಣ ಎದುರಿಗೆ ಕನ್ನಡಿ ಹಿಡೀಬೇಕು. ಮೊದಲ ನೋಟ ಜನರ ಮೇಲೆ ಬೀಳಬಾರದು. ತನ್ನ ಮುಖ ಮೊದಲು ತಾನೇ ನೋಡಿಕೊಳ್ಳಬೇಕು.

ದೇವರಿಗೆ ಮಾಡೋ ಕ್ರಮ ಅದು. ನನಗೆ ಕೈಗೆ ಹತ್ತಿಬಿಟ್ಟಿತ್ತು. ಸೋಡಾ ಅಂಗಡಿ ಬೋರ್ಡಿನ ಹುಡುಗಿಗೂ ಕನ್ನಡಿ, ಟೈಲರ್ ಅಂಗಡಿ ಬೋರ್ಡಿನ ಮೀಸೆಯವನಿಗೂ ಕನ್ನಡಿ. ಹಿಡಿಯೋಳು ನನ್ನವಳು. ಕೋಲಾರದ ಕೋಳಿಗೆ ಮನೇಲೇ ಹಿಡಿದಿದ್ದಳು, ಯಾರೂ ನೋಡಿರಲಿಲ್ಲ. "ನೋಡ್ಕೊಳ್ಳಮ್ಮ ನಿನ್ನ ಹಲ್ಲ," ಅಂದಿದ್ದಳು.

ಮಾಲೂರಿನಲ್ಲಿ ಅಂಗಡಿ ಗೋಡೆ ಮೇಲೇ ಬರೆಯೋದು ಅಂತಾಯ್ತು. "ಈ ಸಲ ಹಲ್ಲು ಬೇಡ," ಅಂದರು ಸಾಹುಕಾರ್ರು. "ಕಣ್ಣಲ್ಲೇ ನಗಲಿ. ದೊಡ್ಡ ಕಣ್ಣು. ಮಗು ಬೀದೀಲಿ ಎಲ್ಲೇ ನಿಂತರೂ ಅವನನ್ನೇ ಕರೀಬೇಕು."

ದೊಡ್ಡ ಕಣ್ಣು ಅಂದರೆ ನನ್ನ ಕೈಗೆ ಬರೋದು ಒಂದೇ, ಅಮ್ಮನವರ ಕಣ್ಣು. ಎಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತೆ.

ಅವತ್ತು ಶುಕ್ರವಾರ. ಹೆಂಚಿನ ಫ್ಯಾಕ್ಟರಿಯಿಂದ ಜನ ಮನೆಗೆ ಹೋಗೋ ಹೊತ್ತು. ನಾನು ಏಣಿ ಮೇಲೆ ನಿಂತು ಕೋಳಿಗೆ ಎರಡು ಕಣ್ಣು ತೆರೆದೆ. ನನ್ನವಳು ಹಳದಿ ಸೀರೆಯ ಸೆರಗು ತಲೆ ಮೇಲೆ ಹಾಕ್ಕೊಂಡು, ಸ್ಟೂಲ್ ಮೇಲೆ ನಿಂತು ಕನ್ನಡಿ ಎತ್ತಿ ಹಿಡಿದಳು. ಕೆಳಗೆ ಒಂದು ಅಜ್ಜಿ ಚಪ್ಪಲಿ ಬಿಟ್ಟಿತು.

"ಈ ಅಮ್ಮವಾರು ಎವರು ನಾಯನಾ?" ಅಂತ ತೆಲುಗಲ್ಲಿ ಕೇಳ್ತು. ಇದು ಯಾವ ಅಮ್ಮನಪ್ಪಾ ಅಂತ.

ನನ್ನ ಬಾಯಲ್ಲಿ ಬ್ರಷ್ ಇತ್ತು. "ಹೂಂ," ಅಂದೆ. ನಾನು ಮಾಡಿದ ತಪ್ಪು ಅಷ್ಟೇ.

ಬೆಳಗಾಗೋದರೊಳಗೆ ಗೋಡೆಗೆ ಅರಿಶಿನ, ಕುಂಕುಮ, ಚೆಂಡು ಹೂವು. ಅಂಗಡಿ ಬಾಗಿಲು ತೆಗೆದರು. ಕೋಳಿ ಕತ್ತರಿಸೋನು ಕತ್ತಿ ಹಿಡಿದು ಹೊರಗೆ ಬಂದ, ಮೇಲೆ ನೋಡಿದ, ಕತ್ತಿ ಕೆಳಗಿಟ್ಟ.

"ಸಾಹುಕಾರ್ರೇ, ಅಮ್ಮ ನೋಡ್ತಾವ್ಳೆ. ನನ್ನ ಕೈ ಏಳಲ್ಲ."

"ಲೇ, ಅಮ್ಮನ ಮುಂದೆ ಕೋಳಿ ಕೊಯ್ಯೋದು ನಮ್ಮಲ್ಲಿ ಇರೋದೇ ಅಲ್ವೇನೋ? ನಿಮ್ಮಪ್ಪ ಕೊಯ್ದಿಲ್ವಾ?"

"ಅಮ್ಮನ ಮುಂದೆ ಕೋಳಿ ಕೊಯ್ಯಬೋದು. ಅಮ್ಮನೇ ಕೋಳಿ ಆಗಿ ಕೂತಿದ್ರೆ?"

ಸಾಹುಕಾರ್ರು ತಾವೇ ಕತ್ತಿ ಎತ್ತಿಕೊಂಡರು, ಮೇಲೆ ನೋಡಿದರು, ಅವರೂ ಕೆಳಗಿಟ್ಟರು. ಅಷ್ಟರಲ್ಲಿ ಜನ ಹರಕೆ ಕೋಳಿ ತರೋಕೆ ಶುರು ಮಾಡಿದರು. ಕಾಲು ಕಟ್ಟಿದ ನಾಟಿ ಕೋಳಿ ತಂದು ಅಂಗಡಿ ಮುಂದೆ ಬಿಟ್ಟು, ಕೈ ಮುಗಿದು ಹೋಗೋರು. ವಾರದಲ್ಲಿ ಹನ್ನೊಂದು ಆಯ್ತು. ಕೋಳಿ ಮಾರೋ ಅಂಗಡಿಗೆ ಕೋಳಿ ಬರ್ತಾ ಇತ್ತೇ ಹೊರತು ಒಂದೂ ಹೋಗ್ತಿರಲಿಲ್ಲ.

ಸಾಹುಕಾರ್ರು ಹನ್ನೊಂದನ್ನೂ ಬುಟ್ಟಿಗೆ ತುಂಬಿಕೊಂಡು ಶ್ರೀನಿವಾಸಪುರಕ್ಕೆ ಹೊರಟರು. "ಅಮ್ಮನ ಕೋಳಿ. ಮನೇಲಿ ಭಕ್ತಿಯಿಂದ ಸಾಕ್ತೀನಿ," ಅಂದರು. ಗೋಡೆಗೆ ಸುಣ್ಣ ಬಳಿ ಅಂತ ನನಗೆ ಹೇಳಿದರು.

"ಈ ಕೋಳಿನಾದರೂ ಒಪ್ಪಿಕೊಂಡೆಯಾ?" ಅಂತ ನನ್ನವಳನ್ನ ಕೇಳಿದೆ.

"ನಗ್ತಾ ಇಲ್ಲ, ಅದು ಸರಿ. ಆದರೆ ಇದು ಕೋಳಿ ಅಲ್ವಲ್ಲ. ಮಾತು ಹಂಗೇ ಇದೆ."

ಸುಣ್ಣ ಬಳಿಯೋಕೆ ಕೂಲಿಯವರು ಯಾರೂ ಬರಲಿಲ್ಲ. ಕೊನೆಗೆ ನಾನೇ ಬಳಿದೆ. ನಾನೇ ಬರೆದ ಕೋಳಿ. ಆದರೂ ಮೊದಲು ಕೈ ಮುಗಿದೆ. ಏಣಿ ಎತ್ತರ ಇತ್ತು.

೩. ಶಾಲೆಗೆ ಹೋದ ಮೇಕೆ

ಇದು ಚಿಕ್ಕದು. ನಡುವೆ ವೇಮಗಲ್‌ನ ಒಬ್ಬ ಮಾಂಸದಂಗಡಿಯವನು ಬಂದ. "ಕೋಳಿ ಸಾಹುಕಾರ್ರು ಮಕ್ಕಳನ್ನ ಎಳೀತಾವ್ರೆ. ನನಗೂ ಒಂದು ಹಾಕು," ಅಂದ. ಅವನಿಗೆ ಬೇಕಾಗಿದ್ದು ಮೇಕೆ. ಖಾಕಿ ಚಡ್ಡಿ, ಬಿಳಿ ಶರ್ಟು, ಹೆಗಲಿಗೆ ಚೀಲ, ಕೈಲಿ ಸ್ಲೇಟು. ನಗ್ತಾ ಶಾಲೆಗೆ ಹೋಗ್ತಿರಬೇಕು.

ಬರೆದೆ. ಸ್ಲೇಟು ಖಾಲಿ ಕಾಣ್ತಿತ್ತು. "ಸ್ಲೇಟಲ್ಲಿ ಏನು ಬರೀಲಿ?" ಅಂತ ಕೇಳಿದೆ.

"ಅ ಆ ಇ ಈ ಬರಿ. ಓದಿನ ಮೇಕೆ ಅಂತ ಗೊತ್ತಾಗಲಿ."

ನನ್ನವಳು ಕೆಳಗೆ ಬಣ್ಣ ಕಲಸ್ತಾ ಇದ್ದಳು. ತಲೆ ಎತ್ತದೇ ಹೇಳಿದಳು. "ಅದಕ್ಕೆ ಓದು ಬಂದಿದ್ದರೆ ಮೊದಲು ನಿಮ್ಮ ಬೋರ್ಡು ಓದ್ಕೊಂಡು ಓಡಿಹೋಗ್ತಿತ್ತು ಕಣಣ್ಣ."

ಅವನು ಯೋಚನೆ ಮಾಡಿದ. ತುಂಬಾ ಹೊತ್ತು ಮಾಡಿದ.

"ಹಂಗಾದರೆ ಸ್ಲೇಟು ಖಾಲಿ ಇರಲಿ," ಅಂದ.

೪. ಮುಳಬಾಗಿಲಿನ ಸ್ಪರ್ಧೆ

ಮೂರನೇ ಅಂಗಡಿ ಮುಳಬಾಗಿಲು. ನನ್ನ ಚಿತ್ರದ ಮೇಲೆ ಸಾಹುಕಾರ್ರಿಗೆ ನಂಬಿಕೆ ಹೋಗಿತ್ತು. "ಮಕ್ಕಳ ಕೈಲೇ ಬರೆಸೋಣ. ಗೆದ್ದ ಚಿತ್ರ ನೋಡ್ಕೊಂಡು ನೀನು ಬೋರ್ಡು ಮಾಡು," ಅಂದರು. ಶಾಲೆಗೆ ಸೀಮೆಸುಣ್ಣದ ಡಬ್ಬ ಕೊಟ್ಟರು, ಹೆಡ್‌ಮಾಸ್ಟ್ರು ಒಪ್ಪಿದರು. ಸ್ಪರ್ಧೆಯ ವಿಷಯ "ನಗುವ ಕೋಳಿ". ಬಹುಮಾನ ಜೀವಂತ ಫಾರಂ ಕೋಳಿ ಒಂದು. ತೀರ್ಪುಗಾರ ನಾನು. ನಾಲ್ಕನೇ ಕ್ಲಾಸು ಓದಿದೋನು ಏಳನೇ ಕ್ಲಾಸಿನವರಿಗೂ ಮಾರ್ಕು ಹಾಕೋದು.

ನನ್ನವಳೂ ಬಂದಿದ್ದಳು. ಮುಳಬಾಗಿಲು ದೋಸೆ ತಿನ್ನಬೇಕು ಅಂದಿದ್ದಳು. ಅರ್ಧ ತಿಂದು ಅರ್ಧ ನನ್ನ ಎಲೆಗೆ ಹಾಕಿದಳು. ನಾನು ಖುಷಿಯಾಗಿ ತಿಂದೆ. ಅದರ ಅರ್ಥ ಆಮೇಲೆ ಗೊತ್ತಾಯ್ತು.

ಮಧ್ಯಾಹ್ನ ಹೆಡ್‌ಮಾಸ್ಟ್ರ ರೂಮಲ್ಲಿ ಸಾಹುಕಾರ್ರು ಮನೆಯಿಂದ ತಂದ ಕ್ಯಾರಿಯರ್ ಬಿಚ್ಚಿದರು. ಬಾಗಿಲ ಹತ್ತಿರ ನಿಂತಿದ್ದ ನನ್ನವಳು ಮೂಗು ಅರಳಿಸಿದಳು.

"ಏನಯ್ಯಾ, ಅದು ನಾಟಿ ಕೋಳಿ ಸಾರು."

"ಸುಮ್ಮನಿರು. ಫಾರಂ ಕೋಳಿ ಮಾರೋರು ಅವರು. ನಿನಗೆ ಹೆಂಗೊತ್ತು?"

"ಮೂಗಿದೆ," ಅಂದಳು.

ಊಟ ಮುಗಿಸಿ ಮಕ್ಕಳ ಕ್ಲಾಸ್ ರೂಮಿಗೆ ಬಂದು ಚಿತ್ರಗಳನ್ನ ಮೇಜಿನ ಮೇಲೆ ಹರಡಿದರು. ಒಂದರಲ್ಲಿ ಸೈಕಲ್ ಹ್ಯಾಂಡಲಿಗೆ ತಲೆಕೆಳಗಾಗಿ ಕಟ್ಟಿದ ಕೋಳಿಗಳು. ಒಂದರಲ್ಲಿ ಅಜ್ಜಿ ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳ್ತಾ ಇದೆ. ಒಂದರಲ್ಲಿ ಬರೀ ಪುಕ್ಕ, ಕೋಳಿ ಇಲ್ಲ. ಒಂದು ಹಾಳೆ ಪೂರ್ತಿ ಖಾಲಿ.

"ಏನಪ್ಪ ಇದು?" ಅಂತ ಕೇಳಿದೆ.

"ಫಾರಂ ಕೋಳಿ ಸಾ. ಬಿಳಿ ಹಾಳೆ ಮೇಲೆ ಬಿಳೀದು. ಕಾಣಲ್ಲ."

ಸಾಹುಕಾರ್ರು ಒದ್ದಾಡಿದರು. "ಒಂದೂ ನಗ್ತಾ ಇಲ್ವಲ್ಲ!"

ಹೆಡ್‌ಮಾಸ್ಟ್ರು ಬೆತ್ತ ತಗೊಂಡರು. "ಲೇ, ನಗೋ ಕೋಳಿ ಬರೀರೋ ಅಂದ್ರೆ ಏನ್ರೋ ಇವೆಲ್ಲ?"

"ನಾವು ನೋಡಿರೋ ಕೋಳಿ ಯಾವುದೂ ನಗಲಿಲ್ಲ ಸಾ," ಅಂದ್ರು ಹಿಂದಿನ ಬೆಂಚಿನೋರು.

ಕೊನೆಗೆ ಒಂಬತ್ತು ವರ್ಷದ ಒಬ್ಬ ಹುಡುಗಿ ಹಾಳೆ ತಂದುಕೊಟ್ಟಳು. ಅದರಲ್ಲಿ ಕೋಳಿ ನಗ್ತಾ ಇತ್ತು. ಬಾಯಿ ತುಂಬ ನಗು. ಸಾಹುಕಾರ್ರ ಮುಖ ಅರಳ್ತು. ಕೋಳಿ ಕೈಲಿ ತಟ್ಟೆ ಇತ್ತು. ತಟ್ಟೇಲಿ ಒಬ್ಬ ಗಂಡಸು ಮಲಗಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ದಪ್ಪ ಮೀಸೆ, ಮೂಗಿನ ಪಕ್ಕ ಒಂದು ಮಚ್ಚೆ. ಅವನೂ ನಗ್ತಾ ಇದ್ದ. ಕೆಳಗೆ ದುಂಡಗೆ "ಬಾ ಮಗು ಬಾ".

ಸಾಹುಕಾರ್ರು ತಮ್ಮ ಮೂಗಿನ ಪಕ್ಕದ ಮಚ್ಚೆ ಮುಟ್ಟಿ ನೋಡಿಕೊಂಡರು.

"ತಟ್ಟೇಲಿರೋದು ಯಾರಮ್ಮ?"

"ಯಾರೋ ಸಾ."

"ಯಾಕೆ ನಗ್ತಾ ಇದಾನೆ?"

"ನಗ್ತಾ ಇದ್ರೆ ತಿನ್ನಬೋದಲ್ವಾ ಸಾ?"

ಹೆಡ್‌ಮಾಸ್ಟ್ರು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದರು. ಬಾಯಿ ತಪ್ಪಿ ಹೇಳಿಬಿಟ್ಟರು. "ಹೋಲಿಕೆ ಮಾತ್ರ ಚೆನ್ನಾಗಿ ಬಂದಿದೆ."

ನನ್ನವಳು ಬಾಗಿಲ ಚೌಕಟ್ಟು ಹಿಡ್ಕೊಂಡು ನಗೋಕೆ ಶುರು ಮಾಡಿದಳು. ನಿಲ್ಲೋಕಾಗದೇ ಹೊಸ್ತಿಲ ಮೇಲೆ ಕೂತಳು. ಕಣ್ಣಲ್ಲಿ ನೀರು ಬಂತು, ಸೆರಗು ಬಾಯಿಗೆ ತುರುಕಿಕೊಂಡಳು. ಅಷ್ಟು ನಕ್ಕಿದ್ದು ಅದೇ ಕೊನೆ. ನಾನು ಆ ಹುಡುಗಿಗೆ ಮೊದಲನೇ ಬಹುಮಾನ ಕೊಟ್ಟೆ. ಸಾಹುಕಾರ್ರು ಮುಳಬಾಗಿಲಿ‌ಗೆ ಚಿತ್ರವೇ ಬೇಡ, ಬರೀ ಅಕ್ಷರ ಸಾಕು ಅಂದರು.

ವಾಪಸ್ ಬರೋ ಬಸ್ಸಲ್ಲಿ ನನ್ನವಳು ಕೇಳಿದಳು. "ಅಷ್ಟುದ್ದದ ಮಗೂಗೆ ಬಂತು. ನಿನಗೆ ಯಾವಾಗ ಬರುತ್ತಯ್ಯಾ?"

"ಮುಂದಿನ ಬೋರ್ಡಲ್ಲಿ," ಅಂದೆ.

ಒಂದು ತಿಂಗಳ ಮೇಲೆ ಅಕ್ಷರ ಬರೆಯೋಕೆ ಮುಳಬಾಗಿಲಿಗೆ ಹೋದಾಗ ಆ ಹುಡುಗಿ ಸಿಕ್ಕಳು. ಬಹುಮಾನದ ಕೋಳಿ ಹೆಂಗಿದೆಯಮ್ಮ ಅಂತ ಕೇಳಿದೆ.

"ಸಾಕ್ಕೊಂಡಿದೀವಿ. ಓಡಲ್ಲ, ಕೂಗಲ್ಲ. ಇಟ್ಟಿದ್ದು ತಿಂದು ಕೂತ ಕಡೆ ತೂಕಡಿಸ್ತಾ ಇರುತ್ತೆ. ನಮ್ಮಜ್ಜಿ ಅದನ್ನ ಹೆಡ್‌ಮಾಸ್ಟ್ರು ಅಂತ ಕರೀತಾರೆ."

೫. ಶ್ರೀನಿವಾಸಪುರದ ಬೋರ್ಡು

ಮುಂದಿನ ಕೋಳಿ ಬೋರ್ಡು ಬರೋದರೊಳಗೆ ಅವಳು ಹೋದಳು. ಕಾಮಾಲೆ ಅಂದರು. ಹದಿನೇಳು ದಿನ. ಆಸ್ಪತ್ರೇಲಿ ಒಂದು ಮಧ್ಯಾಹ್ನ "ಬೀಡಿ ಬಿಟ್ಟಿದೀಯಾ?" ಅಂತ ಕೇಳಿದಳು. ಬಿಟ್ಟಿದೀನಿ ಅಂದೆ. ಸೊಂಟದ ಮೇಲೆ ಕೈ ಇಟ್ಟುಕೊಳ್ಳೋಕೆ ಶಕ್ತಿ ಇರಲಿಲ್ಲ. ಹುಬ್ಬು ಮಾತ್ರ ಎತ್ತಿದಳು.

ಮಾವಿನಕಾಯಿ ಕಾಲಕ್ಕೆ ಸಾಹುಕಾರ್ರು ಹೇಳಿಕಳಿಸಿದರು. ನಾಲ್ಕನೇ ಅಂಗಡಿ ಅವರ ಸ್ವಂತ ಊರಲ್ಲಿ, ಮನೆಯಿಂದ ಎರಡೇ ಬೀದಿ ಆಚೆ. ಹತ್ತಡಿ ತಗಡು. "ಆಗಿದ್ದು ಆಯ್ತು. ಈ ಸಲ ಸರಿಯಾಗಿ ನಗಿಸಯ್ಯ," ಅಂದರು.

ದಾರದ ಒಂದು ತುದಿ ಮೊಳೆಗೆ ಕಟ್ಟಿ ಗೆರೆ ಹೊಡೆದೆ. ಅಕ್ಷರ ಬರೆದೆ. ಕೋಳಿ ಮೈ ಬರೆದೆ, ಪುಕ್ಕ ಬರೆದೆ, ಕಾಲು ಬರೆದೆ. ಅಂಗಡಿ ಮೇಲೆ ಬೋರ್ಡು ಏರಿಸಿದರು. ಮುಖ ಮಾತ್ರ ಬಾಕಿ. ಏಣಿ ಮೇಲೆ ಕೂತೆ. ಕೈ ನಗು ಬರೆಯಲಿಲ್ಲ.

ಕೋಳಿ ನಿಜವಾಗಿ ಹೆಂಗೆ ನೋಡುತ್ತೆ ಅಂತ ನೆನೆಸಿಕೊಂಡೆ. ನಮ್ಮ ಹಿತ್ತಿಲ ಕೋಳಿ. ನಾನು ಹತ್ತಿರ ಹೋದರೆ ತಲೆ ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತೆ, ಇವನು ಯಾಕೆ ಬಂದ ಅಂತ. ಹಂಗೇ ಬರೆದೆ. ತಲೆ ವಾರೆ ಆಯ್ತು. ಕಣ್ಣ ಮೇಲೊಂದು ಗೆರೆ ಎತ್ತಿ ಎಳೆದೆ. ರೆಕ್ಕೆ ಮಡಚಿ ಸೊಂಟದ ಮೇಲಿಟ್ಟೆ. ಆಮೇಲೆ ಯಾರನ್ನ ಬರೀತಾ ಇದೀನಿ ಅಂತ ನನಗೇ ಗೊತ್ತಾಯ್ತು. ಬ್ರಷ್ ನಿಲ್ಲಿಸಲಿಲ್ಲ.

ಕಣ್ಣು ತೆರೆದೆ. ಕನ್ನಡಿ ಹಿಡಿಯೋಕೆ ಯಾರೂ ಇಲ್ಲ. ಸಾಹುಕಾರ್ರನ್ನೇ ಕರೆದೆ. ಪಂಚೆ ಎತ್ತಿ ಕಟ್ಟಿ ಸ್ಟೂಲ್ ಹತ್ತಿ ಕನ್ನಡಿ ಹಿಡಿದರು.

"ಎಷ್ಟು ಹೊತ್ತಯ್ಯ?"

"ಅದು ನೋಡ್ಕೊಂಡು ಮುಗಿಸೋವರೆಗೂ."

ಇಳಿದು, ಹಿಂದಕ್ಕೆ ಹೋಗಿ ನಿಂತು, ಮೇಲೆ ನೋಡಿದರು. ಕಟ್ಟಿದ ಪಂಚೆ ಮೆಲ್ಲಗೆ ಕೆಳಗೆ ಬಿಟ್ಟರು.

"ಏನಯ್ಯಾ ಇದು, ನಮ್ಮನೆಯವಳ ಥರ ನೋಡ್ತಾ ಇದೆ?"

ಮಾಲೂರಿಂದ ಬಂದಿದ್ದ ಕತ್ತರಿಸೋನು ಹೊರಗೆ ಬಂದ. "ಇಲ್ಲ ಸಾಹುಕಾರ್ರೇ, ಇದು ನಮ್ಮನೆಯವಳು." ದಾರೀಲಿ ಹೋಗ್ತಿದ್ದ ಮಾವಿನ ಮಂಡಿಯವನೂ ನಿಂತ. "ಬಿಡ್ರಯ್ಯ. ನಾನು ಮೂವತ್ತು ವರ್ಷದಿಂದ ನೋಡ್ತಾ ಇದೀನಿ. ಇದು ನಮ್ಮವಳೇ."

ನಾನು ಬ್ರಷ್ ತೊಳೆಯೋಕೆ ಹೋದೆ.

ಮಧ್ಯಾಹ್ನದೊಳಗೆ ಬೋರ್ಡು ಕೆಲಸ ಶುರು ಮಾಡ್ತು. ತಕ್ಕಡಿ ಹಿಡಿಯೋನು ತೂಗಿದ ಮೇಲೆ ಮೇಲಕ್ಕೊಮ್ಮೆ ನೋಡಿ ಇನ್ನೊಂದು ತುಂಡು ಹಾಕೋನು. ತೋಟದಲ್ಲಿ ಕದ್ದ ಮಾವಿನಕಾಯಿ ಲಂಗದಲ್ಲಿ ತುಂಬಿಕೊಂಡು ಎರಡು ಹುಡುಗಿಯರು ಬಂದರು. ಬೋರ್ಡು ನೋಡಿದರು. ಒಂದೊಂದಾಗಿ ಅಂಗಡಿ ಮೆಟ್ಟಿಲ ಮೇಲೆ ಇಟ್ಟು ಓಡಿದರು. ಸಂಜೆಗೆ ಮೆಟ್ಟಿಲ ಮೇಲೆ ಅರ್ಧ ಮಂಕರಿ ಮಾವಿನಕಾಯಿ. ಕೋಳಿ ತಗೊಳ್ಳೋರಿಗಿಂತ ನೋಡೋಕೆ ನಿಂತೋರು ಜಾಸ್ತಿ.

"ಅಳಿಸು!" ಅಂದರು ಸಾಹುಕಾರ್ರು. "ಏನು ತಪ್ಪು ಮಾಡಿದೆ ಅಂತ ಕೇಳೋ ಕೋಳಿನ ಯಾರಯ್ಯ ತಿಂತಾರೆ? ನಗಿಸು ಅದನ್ನ!"

ನಾನು ಬ್ರಷ್ ತಗೊಂಡು ಮೆಲ್ಲಗೆ ಏಣಿ ಹತ್ತಿದೆ. ಮೆಲ್ಲಗೆ ಹತ್ತೋದು ನನಗೆ ಚೆನ್ನಾಗಿ ಬರುತ್ತೆ.

ಅಷ್ಟರಲ್ಲಿ ಸಾಹುಕಾರ್ರ ಹೆಂಡತಿ ಬಂದರು. ಒಂದು ಕೈಲಿ ರಾತ್ರಿ ಊಟದ ಕ್ಯಾರಿಯರ್, ಇನ್ನೊಂದು ಕೈಲಿ ಆರು ವರ್ಷದ ಮಗಳು. ಜನ ನೋಡಿ ನಿಂತರು. ಮಗಳ ಕೈ ಬಿಟ್ಟು ಸೊಂಟದ ಮೇಲೆ ಕೈ ಇಟ್ಟು, ತಲೆ ವಾರೆ ಮಾಡಿ ಮೇಲೆ ನೋಡಿದರು. ಜನರೊಳಗಿಂದ ಯಾರೋ ಅಂದರು, "ಬೋರ್ಡು ಇಳಿದು ಬಂತು ಕಣ್ರೋ!"

ಸಾಹುಕಾರ್ರಿಗೆ ಒಂದು ಉಪಾಯ ಹೊಳೀತು. ಮಗಳನ್ನ ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದರು. "ನನ್ನ ಮಾತು ಬೇಡ, ಮಗು ಮಾತು ಕೇಳಿ. ಮಕ್ಕಳು ಸುಳ್ಳು ಹೇಳಲ್ಲ. ಹೇಳು ಬಂಗಾರಿ, ನಮ್ಮ ಅಂಗಡಿ ಕೋಳಿ ಎಷ್ಟು ರುಚಿ?"

ಮಗು ಅಪ್ಪನ ಮುಖ ನೋಡ್ತು. ಆಮೇಲೆ ಮೇಲೆ ಬೋರ್ಡು ನೋಡ್ತು. ಬೋರ್ಡೂ ಮಗೂನ ನೋಡ್ತು. ಮಗು ಎರಡು ಕೈ ಹಿಂದಕ್ಕೆ ಕಟ್ಟಿಕೊಂಡು ಕೋಳಿಗೇ ಉತ್ತರ ಹೇಳ್ತು, ಮನೆ ಮಾತಲ್ಲಿ.

"ನಾಕು ತೆಲೀದು. ಮೇಮು ಇಂಟ್ಲೋ ನಾಟು ಕೋಡೇ ತಿಂಟಾಮು."

ನನಗೆ ಗೊತ್ತಿಲ್ಲ, ನಾವು ಮನೇಲಿ ತಿನ್ನೋದು ನಾಟಿ ಕೋಳೀನೇ ಅಂತ. ಶ್ರೀನಿವಾಸಪುರದಲ್ಲಿ ತೆಲುಗು ಬರದೇ ಇರೋರು ಯಾರಿದಾರೆ? ಬೀದಿ ಪೂರ್ತಿ ಕೇಳಿಸಿಕೊಳ್ತು. ಸಾಹುಕಾರ್ರು ಮಗಳ ಬಾಯಿ ಮುಚ್ಚೋಕೆ ಹೋದರು. ಮಗು ಕೋಳಿ ಮೇಲಿಂದ ಕಣ್ಣು ತೆಗೀಲಿಲ್ಲ, ಮಿಕ್ಕಿದ್ದನ್ನೂ ಹೇಳ್ತು. ಅಂಗಡಿ ಕೋಳಿ ಮಕ್ಕಳ ಹೊಟ್ಟೆಗೆ ಒಳ್ಳೇದಲ್ಲ ಅಂತ ಅಪ್ಪ ಮನೆಗೆ ತರಲ್ಲ. ಮಾಲೂರಿಂದ ಬುಟ್ಟೀಲಿ ಬಂದ ಅಮ್ಮನ ಕೋಳಿ ಹನ್ನೊಂದೂ ಆಗೋಯ್ತು. ಈಗ ಅದರ ಮರಿಗಳನ್ನ ತಿಂತಾ ಇದೀವಿ. ಇವತ್ತು ಕ್ಯಾರಿಯರ್‌ನಲ್ಲೂ ಅದೇ.

ಕತ್ತರಿಸೋನು ಎರಡು ಕೆನ್ನೆಗೂ ಪಟಪಟ ಬಡಿದುಕೊಂಡ. "ಅಮ್ಮನ ಕೋಳಿನಾ ಸಾಹುಕಾರ್ರೇ!"

ಆಮೇಲೆ ಬೀದಿ ನಕ್ಕಿತು. ಮಂಡಿಯವನು ಮಾವಿನಕಾಯಿ ಮಂಕರಿ ಮೇಲೆ ಬಿದ್ದ. ನಾನು ಏಣಿ ಮೇಲೆ ಎರಡು ಕೈಯಲ್ಲೂ ಬೋರ್ಡು ತಬ್ಬಿಕೊಂಡು ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು. ನನ್ನ ಶರ್ಟಿಗೆಲ್ಲ ಕೋಳಿ ಬಣ್ಣ ಆಯ್ತು.

"ಅಳಿಸಯ್ಯಾ!" ಅಂತ ಸಾಹುಕಾರ್ರು ಕೂಗಿದರು.

"ಇರ್ಲಿ," ಅಂದರು ಅವರ ಹೆಂಡತಿ. ಗಟ್ಟಿಯಾಗೇನೂ ಅಲ್ಲ.

ಸಾಹುಕಾರ್ರು ಮೇಲೆ ನೋಡಿದರು. ಪಕ್ಕಕ್ಕೆ ನೋಡಿದರು. ಎರಡು ಕಡೆನೂ ಅದೇ ಮುಖ.

"ಇರ್ಲಿ ಬಿಡಯ್ಯ," ಅಂದರು.

ಬೋರ್ಡು ಉಳೀತು. 'ಬಾ ಮಗು ಬಾ' ಅನ್ನೋದನ್ನ ಮಾತ್ರ ಅವರೇ ಹೇಳಿ ಅಳಿಸಿ ಹಾಕಿಸಿದರು. ಆ ಕೋಳಿ ಕರೆದರೆ ಯಾವ ಮಗೂನೂ ಬರಲ್ಲ ಅಂತ ಅವರಿಗೂ ಗೊತ್ತಾಗಿತ್ತು. ತೂಕ ಸರಿಯಾಗಿರುತ್ತೆ ಅಂತ ದೊಡ್ಡೋರು ಬರ್ತಾರೆ.

ಅವಳಿಗೆ ಕೊಟ್ಟ ಮಾತು ನಡೆಸಿದೆ. ಅದರ ಕಷ್ಟ ಈಗ ಗೊತ್ತಾಗ್ತಿದೆ. ಶ್ರೀನಿವಾಸಪುರಕ್ಕೆ ಹೋದಾಗೆಲ್ಲ ಆ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತು ಬರ್ತೀನಿ. ಆ ಬೀದಿಗೆ ತಿರುಗೋ ಮುಂಚೆ ಬೀಡಿ ಎಸೀತೀನಿ. ಸೋಡಾ ಹಾಕಿ ಬಾಯಿ ಮುಕ್ಕಳಿಸ್ತೀನಿ. ಒಂದು ಏಲಕ್ಕಿ ಅಗೀತೀನಿ. ಆಮೇಲೆ ಹೋಗಿ ಎದುರಿಗೆ ನಿಲ್ತೀನಿ.

ಕೋಳಿಗೆ ನಾನು ಮೂಗು ಬರೆದಿಲ್ಲ. ಆದರೂ ಗೊತ್ತಾಗಿಬಿಡುತ್ತೆ.

"ಒಂದೇ," ಅಂತೀನಿ.

ಎರಡು ಅಂತ ಅವಳಿಗೆ ಗೊತ್ತು.